ಹತ್ತು ಸೊಂಡಿಲಿನ ಗಣಪನನ್ನು ಕುಣಿಸುವುದು ಹೇಗೆ?

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿ ಹಿಡಿದು ಹೊರಟರೆ ಸುಮಾರು ಐವತ್ತು ಕಿಲೋಮೀಟರಿಗೆ ರಾಂಜಣಗಾಂವ ಸಿಗುತ್ತದೆ. ಒಂದು ಕಡೆ ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಗುಡಿ, ಇನ್ನೊಂದು ಕಡೆ ಕಾರು, ಫ್ರಿಜ್ಜು, ವಾಷಿಂಗ್ ಮಷೀನು ತಯಾರಾಗುವ ಕೈಗಾರಿಕಾ ಪ್ರದೇಶ. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಟ ಶಿವ ಮೊದಲು ಗಣಪತಿಯನ್ನು ಪೂಜಿಸಿದ ಜಾಗ ಇದು ಎಂದು ಸ್ಥಳಪುರಾಣ ಹೇಳುತ್ತದೆ. ಭಕ್ತರ ನಡುವೆ ಇನ್ನೂ ಒಂದು ಮಾತಿದೆ. ಈಗ ಪೂಜೆಗೊಳ್ಳುವ ಮೂರ್ತಿಯ ಕೆಳಗಿನ ನೆಲಮಾಳಿಗೆಯಲ್ಲಿ ‘ಮಹೋತ್ಕಟ’ನೆಂಬ ಮೂಲ ಗಣಪ ಅಡಗಿದ್ದಾನಂತೆ. ಅವನಿಗೆ ಹತ್ತು ಸೊಂಡಿಲು, ಇಪ್ಪತ್ತು ಕೈ! ದೇವಸ್ಥಾನದವರು ಅಂಥ ಮೂರ್ತಿ ಯಾವುದೂ ಇಲ್ಲ ಎನ್ನುತ್ತಾರೆ. ಆದರೂ ಮಾತು ನಿಂತಿಲ್ಲ.

ಭಕ್ತನಿಗೆ ಈ ವರ್ಣನೆ ಕೇಳಿ ಮೈ ಜುಮ್ಮೆನ್ನಬಹುದು. ಗೊಂಬೆಯನ್ನು ಇಷ್ಟಿಷ್ಟೇ ಸರಿಸಿ ಒಂದೊಂದೇ ಚಿತ್ರ ತೆಗೆದು ಚಲನೆ ಕಟ್ಟುವ ಸ್ಟಾಪ್ ಮೋಷನ್ ಅನಿಮೇಷನ್ ಮಾಡುವವನಿಗೆ ಮಾತ್ರ ತಲೆನೋವು ಶುರುವಾಗುತ್ತದೆ.

ಯಾಕೆಂದರೆ ಅವನ ಲೆಕ್ಕ ಬೇರೆ. ಸಿನಿಮಾದ ಒಂದು ಸೆಕೆಂಡಿಗೆ 24 ಚಿತ್ರಗಳು. ಗೊಂಬೆಯ ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮು ಹಿಡಿದರೂ ಸೆಕೆಂಡಿಗೆ 12 ಭಂಗಿ ಬೇಕು. ಹತ್ತು ಸೊಂಡಿಲು, ಇಪ್ಪತ್ತು ಕೈ ಸೇರಿ ಮೂವತ್ತು ಅಂಗ. ಎಲ್ಲವೂ ಕುಣಿಯಬೇಕು ಎಂದರೆ ಒಂದು ಸೆಕೆಂಡಿಗೆ 360 ಸಲ ಗೊಂಬೆಯನ್ನು ಮುಟ್ಟಿ ಸರಿಸಬೇಕು. ಒಂದು ನಿಮಿಷದ ಕುಣಿತಕ್ಕೆ 21,600 ಸಲ. ಅಷ್ಟೂ ಹೊತ್ತು ಹಿಂದಿನ ಭಂಗಿ ಏನಾಗಿತ್ತು, ಮುಂದಿನದು ಏನಾಗಬೇಕು ಎನ್ನುವುದು ತಲೆಯಲ್ಲಿರಬೇಕು. ಕೊನೆಗೆ ಬೆಳ್ಳಿತೆರೆಯ ಮೇಲೆ ಕಾಣುವುದು ಮೂವತ್ತು ಅಂಗಗಳ ಕಸರತ್ತಾಗಬಾರದು, ಗಣಪನ ಕುಣಿತವಾಗಬೇಕು. ಕಷ್ಟ ಇರುವುದು ಇಲ್ಲೇ.

ಬರೀ ಅಲುಗಾಡಿಸುವುದಾದರೆ ಅಷ್ಟು ಕಷ್ಟವಿಲ್ಲ. ಪುಣೆಯ ಗಣೇಶೋತ್ಸವ ನೋಡಿದವರಿಗೆ ‘ಹಲತೇ ದೇಖಾವೆ’ ಗೊತ್ತು. ಮಂಟಪದಲ್ಲಿ ಆಳೆತ್ತರದ ಗೊಂಬೆಗಳು, ಒಳಗೆ ಮೋಟಾರು, ಬೆಲ್ಟು, ಚಕ್ರ. ಹಿನ್ನೆಲೆಯಲ್ಲಿ ಧ್ವನಿಮುದ್ರಿಕೆ ಕಥೆ ಹೇಳುತ್ತದೆ, ರಾಕ್ಷಸನ ಗದೆ ಏಳುತ್ತದೆ, ಇಳಿಯುತ್ತದೆ. ಬೆಳಗಾವಿಯ ಓದುಗರಿಗೂ ಇಂಥ ಮಂಟಪಗಳು ಹೊಸದಲ್ಲ. ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ, ದೊಡ್ಡವರು ಎರಡು ನಿಮಿಷ ನಿಂತು ಮುಂದಿನ ಮಂಟಪಕ್ಕೆ ಹೋಗುತ್ತಾರೆ. ಗದೆ ಎಷ್ಟು ವೇಗದಲ್ಲಿ ಎದ್ದಿತೋ ಅಷ್ಟೇ ವೇಗದಲ್ಲಿ ಇಳಿಯುತ್ತದೆ. ರಾಕ್ಷಸನಿಗೆ ಸಿಟ್ಟು ಬಂದಿದೆ ಎಂದು ಧ್ವನಿಮುದ್ರಿಕೆ ಹೇಳುತ್ತದೆ, ಗದೆ ಹೇಳುವುದಿಲ್ಲ. ಕಾರು ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವ ರೋಬಾಟಿನ ಕೈಯೂ ಹಾಗೆಯೇ. ಅದು ಕೂದಲೆಳೆಯಷ್ಟೂ ತಪ್ಪುವುದಿಲ್ಲ, ಆದರೆ ಅದಕ್ಕೆ ಅನುಮಾನ ಎಂಬುದೇ ಬರುವುದಿಲ್ಲ. ಕೈ ಚಾಚುವ ಮುಂಚೆ ಒಂದು ಕ್ಷಣ ತಡೆದು ನಿಲ್ಲುವುದು, ಚಾಚಿದ ಮೇಲೆ ‘ಯಾಕಾದರೂ ಚಾಚಿದೆನೋ’ ಎಂದು ಅರ್ಧಕ್ಕೆ ಹಿಂದೆಗೆಯುವುದು ಅದರ ಜಾತಕದಲ್ಲಿ ಇಲ್ಲ. ನಟನೆ ಶುರುವಾಗುವುದು ಆ ತಡೆಯಲ್ಲಿ, ಆ ಹಿಂದೆಗೆತದಲ್ಲಿ. ಸ್ಟಾಪ್ ಮೋಷನ್ ಗೊಂಬೆ ಮಾಡುವುದು ಈ ನಟನೆಯ ಕೆಲಸ.

ಏಳು ಅಸ್ಥಿಪಂಜರ, ಒಬ್ಬ ಕಾಳಿ

ಹತ್ತು ಸೊಂಡಿಲಿನ ಗಣಪನನ್ನು ಇದುವರೆಗೆ ಯಾರಾದರೂ ಕುಣಿಸಿದ್ದಾರೋ ಇಲ್ಲವೋ, ಅದಕ್ಕೆ ಹತ್ತಿರದ ಸಾಹಸವನ್ನು ಅಮೆರಿಕದ ರೇ ಹ್ಯಾರಿಹೌಸನ್ ಮಾಡಿದ್ದರು. 1963ರ ‘ಜೇಸನ್ ಆ್ಯಂಡ್ ದಿ ಆರ್ಗೊನಾಟ್ಸ್’ ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ನೆಲದಿಂದ ಎದ್ದು ಬಂದು ಮೂವರು ಯೋಧರ ಜತೆ ಕತ್ತಿಯುದ್ಧ ಮಾಡುತ್ತವೆ. ಒಂದೊಂದಕ್ಕೆ ಕೈಕಾಲು ತಲೆ ಸೇರಿ ಐದು ಅಂಗ, ಒಟ್ಟು ಮೂವತ್ತೈದು. ಕೆಲವು ದಿನ ಇಡೀ ದಿನದ ದುಡಿಮೆಗೆ ಹದಿಮೂರು ಫ್ರೇಮು ಮಾತ್ರ ಸಿಗುತ್ತಿತ್ತು ಎಂದು ಅವರು ಹೇಳಿಕೊಂಡಿದ್ದರು. ಆ ಕೆಲವೇ ನಿಮಿಷದ ಯುದ್ಧಕ್ಕೆ ನಾಲ್ಕೂವರೆ ತಿಂಗಳು ಹಿಡಿಯಿತು. ಅದಕ್ಕೂ ಮುಂಚೆ, 1949ರ ‘ಮೈಟಿ ಜೋ ಯಂಗ್’ ಚಿತ್ರಕ್ಕೆ ಗೊರಿಲ್ಲಾವನ್ನು ಆಡಿಸುವಾಗ ಅವರು ಗೊರಿಲ್ಲಾದ ಮನಸ್ಸು ಬರಲೆಂದು ಕ್ಯಾರೆಟ್ಟು, ಸೆಲರಿ ತಿಂದು ಕೂತಿದ್ದರಂತೆ. ಅದು ತಮಾಷೆಯ ಮಾತೇ ಇರಬಹುದು, ಆದರೆ ಯಕ್ಷಗಾನದ ವೇಷಧಾರಿ ಚೌಕಿಯಲ್ಲಿ ಬಣ್ಣ ಹಚ್ಚುತ್ತ ಹಚ್ಚುತ್ತ ಮೌನವಾಗುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯ ಕಾಣದು.

ನಮಗೆ ಇನ್ನೂ ಹತ್ತಿರದ ಕಥೆ 1973ರದು. ‘ದಿ ಗೋಲ್ಡನ್ ವಾಯೇಜ್ ಆಫ್ ಸಿಂದಬಾದ್’ ಚಿತ್ರದಲ್ಲಿ ಆರು ಕೈಗಳ ಕಾಳಿಯ ವಿಗ್ರಹವೊಂದು ಜೀವ ತಳೆದು ಮೊದಲು ನರ್ತಿಸುತ್ತದೆ, ಆಮೇಲೆ ಆರು ಕತ್ತಿ ಹಿಡಿದು ಕಾದಾಡುತ್ತದೆ. ಕಾಳಿ ಯಾವ ಕಥೆಯಿಂದ ಯಾವ ಕಥೆಗೆ ಹಾರಿದಳು ಎಂದು ಕೇಳಬಾರದು, ಹಾಲಿವುಡ್ಡಿಗೆ ಅದೆಲ್ಲ ಒಂದೇ. ಕೇಳಬೇಕಾದ್ದು ಆ ನರ್ತನ ಎಲ್ಲಿಂದ ಬಂತು ಎಂದು. ಹ್ಯಾರಿಹೌಸನ್ ಅದಕ್ಕಾಗಿ ಆಗ ಲಂಡನ್ನಿನಲ್ಲಿ ನೆಲೆಸಿದ್ದ ಟಂಗುಟೂರಿ ಸೂರ್ಯಕುಮಾರಿಯವರ ಮೊರೆಹೋದರು. ತೆಲುಗು ಚಿತ್ರರಂಗದಲ್ಲಿ ನಟಿಯಾಗಿ, ಗಾಯಕಿಯಾಗಿ ಹೆಸರಾಗಿದ್ದವರು ಅವರು. ಸೂರ್ಯಕುಮಾರಿ ಕಾಳಿಯ ನಾಟ್ಯವನ್ನು ಹೇಳಿಕೊಟ್ಟರು, ಹ್ಯಾರಿಹೌಸನ್ ಅದನ್ನು ಗೊಂಬೆಗೆ ಇಳಿಸಿದರು. ತೆರೆಯ ಮೇಲೆ ಕತ್ತು ಓರೆಯಾಗುವ ರೀತಿ, ತೋಳು ಬಳುಕುವ ಲಯ ನಮ್ಮ ಕಡೆಯ ದೇಹದ್ದು. ಅದನ್ನು ಒಂದೊಂದೇ ಫ್ರೇಮಿನಲ್ಲಿ ನೆನಪಿಟ್ಟುಕೊಂಡದ್ದು ಇನ್ನೊಬ್ಬರ ಬೆರಳು. ಗೊಂಬೆಯ ಅಭಿನಯ ಎಂದರೆ ಕೊನೆಗೂ ಯಾವುದೋ ಒಂದು ದೇಹ ಕೊಟ್ಟ ಸಾಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಇಂದಿನ ಸ್ಟುಡಿಯೊಗಳಲ್ಲೂ ಇದೇ ಕ್ರಮ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಆರ್ಡ್‌ಮನ್ ಸ್ಟುಡಿಯೊದಲ್ಲಿ ಗೊಂಬೆಯನ್ನು ಮುಟ್ಟುವ ಮುಂಚೆ ಅನಿಮೇಟರ್ ತಾನೇ ಆ ದೃಶ್ಯವನ್ನು ಅಭಿನಯಿಸಿ ವಿಡಿಯೊ ಮಾಡಿಸಿಕೊಳ್ಳುತ್ತಾನೆ. ಇಬ್ಬರು ಅನಿಮೇಟರುಗಳ ಕೈಗೆ ಒಂದೇ ಗೊಂಬೆ ಕೊಟ್ಟರೆ ಇಬ್ಬರದೂ ಬೇರೆ ನಡಿಗೆ. ಆದ್ದರಿಂದ ಯಾವ ದೃಶ್ಯವನ್ನು ಯಾರಿಗೆ ಕೊಡಬೇಕು ಎಂಬುದನ್ನು ನಿರ್ದೇಶಕ ಪಾತ್ರ ಹಂಚಿದ ಹಾಗೆಯೇ ಯೋಚಿಸಿ ಹಂಚುತ್ತಾನೆ.

ಬಟಾಣಿಯಿಂದ ಜೀರುಂಡೆವರೆಗೆ

ಈ ವಿದ್ಯೆ ನಮ್ಮ ದೇಶಕ್ಕೆ ಸಿನಿಮಾದ ಜತೆಗೇ ಬಂದಿತ್ತು. 1912ರಲ್ಲಿ ಲಂಡನ್ನಿನಿಂದ ವಿಲಿಯಮ್ಸನ್ ಕ್ಯಾಮೆರಾ ತಂದ ದಾದಾಸಾಹೇಬ್ ಫಾಳ್ಕೆಯವರ ಕೈಯಲ್ಲಿ ದುಡ್ಡಿರಲಿಲ್ಲ. ದುಡ್ಡು ಹಾಕುವವರಿಗೆ ತೋರಿಸಲು ಏನಾದರೂ ಬೇಕಿತ್ತು. ಕುಂಡವೊಂದರಲ್ಲಿ ಬಟಾಣಿ ಕಾಳು ಊರಿ, ಕ್ಯಾಮೆರಾ ಅಲುಗಿಸದೆ, ತಿಂಗಳಿಗೂ ಹೆಚ್ಚು ಕಾಲ ದಿನದಿನವೂ ಅದರ ಬೆಳವಣಿಗೆಯನ್ನು ಒಂದೊಂದೇ ಚಿತ್ರವಾಗಿ ಸೆರೆಹಿಡಿದರು. ಪರದೆಯ ಮೇಲೆ ಕಾಳು ಮೊಳೆತು ಬಳ್ಳಿಯಾಗಿ ಹಬ್ಬಿದ್ದು ಕಂಡವರು ಸಾಲ ಕೊಡಲು ಮುಂದೆ ಬಂದರು. ಮರುವರ್ಷ ‘ರಾಜಾ ಹರಿಶ್ಚಂದ್ರ’ ಬಂತು. ಭಾರತದ ಮೊದಲ ಕಥಾಚಿತ್ರಕ್ಕೆ ಬಂಡವಾಳ ತಂದದ್ದು ಒಂದು ಬಟಾಣಿಯ ‘ಅಭಿನಯ’ ಎಂದರೆ ತಪ್ಪಾಗದು. ಆಮೇಲೆ ಫಾಳ್ಕೆ ಬೆಂಕಿಕಡ್ಡಿಗಳನ್ನೇ ಪಾತ್ರ ಮಾಡಿಕೊಂಡು ‘ಆಗಕಾಡ್ಯಾಂಚಿ ಮೌಜ್’ ಎಂಬ ಕಿರುಚಿತ್ರವನ್ನೂ ಮಾಡಿದರು.

ಅದೇ ಕಾಲಕ್ಕೆ ರಷ್ಯನ್ ಸಾಮ್ರಾಜ್ಯದ ಲಿಥುವೇನಿಯಾದಲ್ಲಿ ವಸ್ತುಸಂಗ್ರಹಾಲಯವೊಂದರ ನಿರ್ದೇಶಕನಾಗಿದ್ದ ಲಾಡಿಸ್ಲಾಸ್ ಸ್ಟಾರೆವಿಚ್ ಜೀರುಂಡೆಗಳ ಕಾಳಗ ಚಿತ್ರಿಸಲು ಹೊರಟಿದ್ದ. ದೀಪ ಹಾಕಿದ ಕೂಡಲೇ ಅವು ಅಲುಗಾಡದೆ ಬಿದ್ದುಕೊಳ್ಳುತ್ತಿದ್ದವು. ಬೇಸತ್ತ ಸ್ಟಾರೆವಿಚ್ ಸತ್ತ ಜೀರುಂಡೆಗಳ ಕಾಲಿಗೆ ತಂತಿ ಜೋಡಿಸಿ ಒಂದೊಂದೇ ಫ್ರೇಮು ತೆಗೆದ. 1912ರಲ್ಲಿ ಅವನ ‘ಕ್ಯಾಮೆರಾಮನ್ನನ ಸೇಡು’ ಬಂತು. ಗಂಡ ಹೆಂಡತಿ ಇಬ್ಬರೂ ಬೇರೆಬೇರೆಯವರ ಮೋಹಕ್ಕೆ ಬೀಳುವ ಕಥೆ, ಪಾತ್ರಧಾರಿಗಳೆಲ್ಲ ಕೀಟಗಳು. ಪಳಗಿಸಿದ ಕೀಟಗಳೇ ನಟಿಸಿವೆ ಎಂದು ನಂಬಿದವರೂ ಆಗ ಇದ್ದರು.

ಪುಣೆಯಲ್ಲಿ ಈ ಬೀಜ ಮರವಾಗಬಹುದಿತ್ತು. 1933ರಲ್ಲಿ ಕೊಲ್ಹಾಪುರದಿಂದ ಬಂದು ನೆಲೆಯೂರಿದ ಪ್ರಭಾತ್ ಫಿಲ್ಮ್ ಕಂಪನಿ ಮರುವರ್ಷವೇ ‘ಜಂಬೂಕಾಕಾ’ ಎಂಬ ಕಾರ್ಟೂನ್ ಚಿತ್ರ ತಯಾರಿಸಿತು. ಆ ಸ್ಟುಡಿಯೊ ಜಾಗದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು, 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರವೂ ಅದೇ ಊರಿಗೆ ಬಂತು. ಗಿರೀಶ್ ಕಾರ್ನಾಡರು 1974–75ರಲ್ಲಿ ಈ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು, ಗಿರೀಶ್ ಕಾಸರವಳ್ಳಿ ಅಲ್ಲೇ ಕಲಿತವರು. ‘ಹಯವದನ’ದಲ್ಲಿ ಎರಡು ಗೊಂಬೆಗಳಿಗೆ ಬಾಯಿ ಕೊಟ್ಟು, ಮನುಷ್ಯರು ಮುಚ್ಚಿಟ್ಟದ್ದನ್ನು ಅವುಗಳಿಂದ ಆಡಿಸಿದ್ದ ನಾಟಕಕಾರ ಆ ಅಂಗಳದಲ್ಲಿ ಓಡಾಡಿದ್ದರು. ಆದರೂ ಗೊಂಬೆ ಮತ್ತು ಕ್ಯಾಮೆರಾದ ಮದುವೆ ನಮ್ಮಲ್ಲಿ ದೊಡ್ಡದಾಗಿ ಆಗಲೇ ಇಲ್ಲ.

ಹಗ್ಗ, ಸಲಾಕೆ, ಸಿಂಬಿ

ಗೊಂಬೆ ಮತ್ತು ಕ್ಯಾಮೆರಾದ ಆ ಮದುವೆ ಚೆಕ್ ದೇಶದಲ್ಲಿ ಆಯಿತು. ಅಲ್ಲಿನ ಸ್ಟಾಪ್ ಮೋಷನ್ ಪಿತಾಮಹ ಇಜಿ ತ್ರನ್ಕಾ ಹುಡುಗನಾಗಿದ್ದಾಗಲೇ ಯೋಸೆಫ್ ಸ್ಕುಪಾ ಎಂಬ ಸೂತ್ರದ ಗೊಂಬೆಯಾಟದ ಗುರುವಿನ ಗರಡಿಯಲ್ಲಿ ಪಳಗಿದವ. ಅವನ ಗೊಂಬೆಗಳ ಮುಖ ಅಲುಗುವುದಿಲ್ಲ. ಹುಬ್ಬು ಏರುವುದಿಲ್ಲ, ತುಟಿ ಬಿರಿಯುವುದಿಲ್ಲ. ಮುಖ ಸ್ವಲ್ಪ ತಗ್ಗಿದಾಗ ನೆರಳು ಬಿದ್ದು ದುಃಖ, ಎತ್ತಿದಾಗ ಬೆಳಕು ಬಿದ್ದು ನಗು. 1963ರಲ್ಲಿ ಜಪಾನಿನ ಕಿಹಾಚಿರೊ ಕವಮೊಟೊ ಈ ವಿದ್ಯೆ ಕಲಿಯಲು ಪ್ರಾಗ್‌ಗೆ ಬಂದಾಗ ತ್ರನ್ಕಾ ಕೊಟ್ಟ ಸಲಹೆ, ನಿಮ್ಮ ಊರಿನ ಗೊಂಬೆ ಸಂಪ್ರದಾಯದ ಕಡೆ ನೋಡಿ ಎಂದು. ಕವಮೊಟೊ ಊರಿಗೆ ಮರಳಿ ಬುನ್ರಾಕು ಗೊಂಬೆಯಾಟದ, ನೋ ನಾಟಕದ ಮುಖವಾಡಗಳ ಹಿಂದೆ ಬಿದ್ದರು. 1976ರ ಅವರ ‘ದೋಜೋಜಿ’ಯಲ್ಲಿ ಮೋಹಿಸಿದವನನ್ನು ಬೆನ್ನಟ್ಟುವ ಹೆಣ್ಣು ಸರ್ಪವಾಗುವ ಕಥೆ ಪೂರ್ತಿ ಜಪಾನಿ ನಡಿಗೆಯಲ್ಲೇ ನಡೆಯುತ್ತದೆ.

ಈ ಸಲಹೆಯನ್ನು ಯಾರಾದರೂ ಕನ್ನಡದ ಅನಿಮೇಟರಿಗೆ ಕೊಟ್ಟಿದ್ದರೆ ಅವರು ಎಲ್ಲಿಗೆ ಹೋಗಬೇಕಿತ್ತು? ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನ ಯಕ್ಷಗಾನ ಗೊಂಬೆಯಾಟವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಕೊಗ್ಗ ಕಾಮತರು ಅದನ್ನು ದೇಶವಿದೇಶಕ್ಕೆ ಒಯ್ದರು, ಈಗ ಭಾಸ್ಕರ ಕೊಗ್ಗ ಕಾಮತರ ಕೈಯಲ್ಲಿದೆ. ಕಾಸರಗೋಡಿನಲ್ಲಿ ಕೆ.ವಿ. ರಮೇಶ್ ಅವರ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವಿದೆ. ಗೊಂಬೆಗೆ ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು. ಐದರಿಂದ ಏಳು ದಾರ. ಕಷ್ಟದ ಚಲನೆ ಬಂದರೆ ಒಂದೇ ಗೊಂಬೆಗೆ ಇಬ್ಬರು ಮೂವರು ಕೈಹಾಕುವುದೂ ಉಂಟು. ಭಾಗವತರ ಪದ, ಮದ್ದಳೆಯ ಪೆಟ್ಟು, ಚಂಡೆಯ ಅಬ್ಬರ ಎಲ್ಲವೂ ಮೇಳದ ಆಟದ್ದೇ. ಹಾಗಾಗಿ ಪ್ರೇಕ್ಷಕ ಗೊಂಬೆಯನ್ನು ಅಳೆಯುವುದು ಮನುಷ್ಯ ವೇಷಧಾರಿಯ ಮಾನದಂಡದಿಂದ. ಆ ಪರೀಕ್ಷೆಯಲ್ಲಿ ಪಾಸಾಗಬೇಕೆಂದರೆ ಆಡಿಸುವವನಿಗೆ ಯಕ್ಷಗಾನದ ಹೆಜ್ಜೆ ಸ್ವಂತ ಕಾಲಲ್ಲಿ ಗೊತ್ತಿರಬೇಕು.

ಹಳೆ ಮೈಸೂರು ಕಡೆಯ ಸೂತ್ರಸಲಾಕೆ ಗೊಂಬೆಯಲ್ಲಿ ಈ ನಂಟು ಇನ್ನೂ ಕಣ್ಣಿಗೆ ಕಾಣುವಂಥದು. ಗೊಂಬೆಯ ತಲೆಯ ದಾರ ಆಡಿಸುವವರ ತಲೆ ಮೇಲಿನ ಸಿಂಬಿಗೆ ಕಟ್ಟಿರುತ್ತದೆ. ಗೊಂಬೆಯ ಕೈಗಳಿಗೆ ಸಲಾಕೆ. ಗೊಂಬೆಯ ಭಾರವೆಲ್ಲ ಕಲಾವಿದರ ನೆತ್ತಿಯ ಮೇಲೆ. ಅವರು ಕತ್ತು ಹೊರಳಿಸಿದರೆ ಗೊಂಬೆ ಕತ್ತು ಹೊರಳಿಸುತ್ತದೆ, ಅವರು ಸುಸ್ತಾಗಿ ಬಗ್ಗಿದರೆ ರಾಮನೂ ಸುಸ್ತಾಗುತ್ತಾನೆ. ಬೆಂಗಳೂರಿನ ‘ಧಾತು’ ತಂಡದ ಅನುಪಮಾ ಹೊಸಕೆರೆ ಈ ಪದ್ಧತಿಯನ್ನು ನಗರದ ಮಕ್ಕಳವರೆಗೆ ತಂದವರು, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮರುವರ್ಷ ಅದೇ ಗೌರವ ತೊಗಲುಗೊಂಬೆಯ ಹಿರಿಯಜ್ಜಿ, ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಸಂದಿತು. ತೊಗಲುಗೊಂಬೆಗೂ ಅನಿಮೇಷನ್ನಿಗೂ ನೇರ ನೆಂಟಸ್ತಿಕೆ ಉಂಟು. ಉಳಿದುಬಂದಿರುವ ಅನಿಮೇಷನ್ ಕಥಾಚಿತ್ರಗಳಲ್ಲೇ ಹಳೆಯದಾದ, 1926ರ ‘ರಾಜಕುಮಾರ ಅಹ್ಮದನ ಸಾಹಸಗಳು’ ಪೂರ್ತಿ ನೆರಳುಗೊಂಬೆಗಳದೇ. ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಕಪ್ಪು ಕಾಗದ ಕತ್ತರಿಸಿ, ಕೀಲು ಜೋಡಿಸಿ, ಕೆಳಗಿಂದ ಬೆಳಕು ಬಿಟ್ಟು, ಫ್ರೇಮು ಫ್ರೇಮಾಗಿ ಆಡಿಸಿದರು. ಮೋರನಾಳದ ಪರದೆಯ ಹಿಂದೆ ಎಣ್ಣೆದೀಪ ಮಾಡುತ್ತಿದ್ದ ಕೆಲಸವೇ ಜರ್ಮನಿಯಲ್ಲಿ ಗಾಜಿನ ಮೇಜಿನ ಮೇಲೆ ನಡೆಯಿತು ಎನ್ನಬಹುದು.

ಒಂದು ಲೋಟ ಚಹಾ

ರಂಗದ ಮೇಲಿನದು, ಸ್ಟಾಪ್ ಮೋಷನ್ ಎರಡೂ ಗೊಂಬೆಯಾಟವೇ ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. ಉಪ್ಪಿನಕುದ್ರುವಿನ ಕಲಾವಿದನ ಮುಂದೆ ಕಾಲ ಹರಿಯುತ್ತಿರುತ್ತದೆ. ಭಾಗವತರು ಪದ ಎತ್ತಿದರು ಎಂದರೆ ಕುಣಿಯಲೇಬೇಕು. ಲಯ ಅವನನ್ನು ಎಳೆದೊಯ್ಯುತ್ತದೆ. ಸ್ಟಾಪ್ ಮೋಷನ್ ಮೇಜಿನ ಮುಂದೆ ನಿಂತವನಿಗೆ ಹರಿಯುವ ಕಾಲವೇ ಇಲ್ಲ, ಅವನು ಅದನ್ನು ಎಣಿಸಿ ಎಣಿಸಿ ಕಟ್ಟಬೇಕು.

ಮುದುಕನೊಬ್ಬ ಚಹಾದ ಲೋಟಕ್ಕೆ ಕೈ ಚಾಚುವ ದೃಶ್ಯವನ್ನೇ ತೆಗೆದುಕೊಳ್ಳಿ. ಗೊಂಬೆಯ ಒಳಗೆ ಉಕ್ಕಿನ ಅಸ್ಥಿಪಂಜರ, ಅದಕ್ಕೆ ಆರ್ಮೇಚರ್ ಎನ್ನುತ್ತಾರೆ. ಗುಂಡು ಬಟ್ಟಲಿನೊಳಗೆ ಕೂತ ಕೀಲುಗಳನ್ನು ತೀರಾ ಬಿಗಿದರೆ ಸರಿಸುವಾಗ ಗೊಂಬೆಯೇ ಅಲುಗುತ್ತದೆ, ತೀರಾ ಸಡಿಲ ಬಿಟ್ಟರೆ ಎತ್ತಿದ ಕೈ ತಾನಾಗಿ ಇಳಿಯುತ್ತದೆ. ಪಾದಗಳನ್ನು ಕೆಳಗಿಂದ ಸ್ಕ್ರೂ ಹಾಕಿ ನೆಲಕ್ಕೆ ಕಚ್ಚಿಸಿರುತ್ತಾರೆ. ಈಗ ಕೈ ಚಾಚಬೇಕು. ಕೈ ಮೊದಲು ಅಲುಗಬಾರದು, ಕಣ್ಣು ಲೋಟದ ಕಡೆ ಹೋಗಬೇಕು. ಎರಡು ಮೂರು ಭಂಗಿ ಆದ ಮೇಲೆ ತಲೆ. ಆಮೇಲೆ ಭುಜ ಒಂದಿಷ್ಟು ಹಿಂದಕ್ಕೆ, ಯಾಕೆಂದರೆ ದೇಹ ಮುಂದೆ ಹೋಗುವ ಮುಂಚೆ ಕೊಂಚ ಹಿಂದೆ ಸರಿಯುತ್ತದೆ. ನಂತರ ಕೈ ಹೊರಡುತ್ತದೆ. ಮೊದಲ ಭಂಗಿಗಳಲ್ಲಿ ಅರ್ಧ ಮಿಲಿಮೀಟರು, ನಡುವೆ ನಾಲ್ಕೈದು, ಲೋಟ ಹತ್ತಿರವಾದಂತೆ ಮತ್ತೆ ಅರ್ಧ. ಮಣಿಕಟ್ಟು ಮುಂದೆ, ಬೆರಳು ಒಂದು ಭಂಗಿ ಹಿಂದೆ. ಮುದುಕನಿಗೆ ನಡುಕವಿದ್ದರೆ ನಡುವಿನ ಒಂದು ಭಂಗಿಯಲ್ಲಿ ಕೈ ಕೊಂಚ ವಾಪಸು ಬರಬೇಕು. ಅವನಿಗೆ ಆ ಚಹಾ ಬೇಡವಾಗಿದ್ದರೆ? ಆಗ ಬೆರಳು ಲೋಟ ಮುಟ್ಟಿದ ಮೇಲೆ ಕಣ್ಣು ಬೇರೆ ಕಡೆ ಹೋಗಬೇಕು. ಇಷ್ಟೂ ಸೇರಿ ತೆರೆಯ ಮೇಲೆ ಎರಡು ಸೆಕೆಂಡು. ಕೆಲಸ ಚೆನ್ನಾಗಿ ಸಾಗಿದರೆ ಅಂದಿನ ದಿನ ಅಲ್ಲಿಗೆ ಮುಗಿಯಿತು.

ಇದರಲ್ಲಿ ಹಿಂದೆ ಹೋಗುವ ದಾರಿ ಇಲ್ಲ. ಕೈಯಲ್ಲಿ ಬರೆಯುವ ಕಾರ್ಟೂನಿನಲ್ಲಿ ಮುಖ್ಯ ಭಂಗಿಗಳನ್ನು ಮೊದಲೇ ಬರೆದು ನಡುವಿನದನ್ನು ಆಮೇಲೆ ತುಂಬಬಹುದು. ಕಂಪ್ಯೂಟರಿನಲ್ಲಿ ಹತ್ತನೇ ಫ್ರೇಮು ತಿದ್ದಿ ನೂರನೇ ಫ್ರೇಮಿಗೆ ಬರಬಹುದು. ಗೊಂಬೆಯ ಮೇಜಿನಲ್ಲಿ ಒಂದರ ಮುಂದೆ ಒಂದು, ಅಷ್ಟೇ. ನೂರನೇ ಫ್ರೇಮಿನಲ್ಲಿ ಮೊಣಕೈ ತಾಗಿ ಲೋಟ ಉರುಳಿದರೆ ಮೊದಲಿನಿಂದ. ಡ್ರ್ಯಾಗನ್‌ಫ್ರೇಮ್‌ನಂಥ ಸಾಫ್ಟ್‌ವೇರ್ ಹಿಂದಿನ ಭಂಗಿಯನ್ನು ತೆಳುವಾಗಿ ಪರದೆ ಮೇಲೆ ತೋರಿಸುವುದರಿಂದ ಈಗ ಅಷ್ಟರಮಟ್ಟಿಗೆ ಸಲೀಸು. ಆದರೆ ಮುಂದಿನ ಭಂಗಿ ಯಾವುದೆಂದು ಅದು ಹೇಳುವುದಿಲ್ಲ. ಸಾಯಂಕಾಲ ದೀಪ ಆರಿಸಿ ಮನೆಗೆ ಹೋಗುವಾಗ ಮುದುಕನ ಕೈ ಗಾಳಿಯಲ್ಲೇ ನಿಂತಿರುತ್ತದೆ. ಮಾರನೆಯ ದಿನ ಬೆಳಿಗ್ಗೆ ಬಂದು ನಿನ್ನೆಯ ಬೇಸರವನ್ನು ನಿನ್ನೆ ಬಿಟ್ಟಲ್ಲಿಂದಲೇ ಮುಂದುವರಿಸಬೇಕು. ರಂಗದ ಮೇಲಿನ ನಟನಿಗೆ ಈ ಶಿಕ್ಷೆ ಇಲ್ಲ.

ಹಾಗೆಂದು ಸದಾ ಅಲುಗಾಡಿಸುತ್ತಲೇ ಇದ್ದರೆ ಅಭಿನಯ ಆಗುವುದಿಲ್ಲ. ಆರ್ಡ್‌ಮನ್ನಿನ ನಿಕ್ ಪಾರ್ಕ್ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿ 1989ರಲ್ಲಿ ಮುಗಿಸಿದ ‘ಎ ಗ್ರ್ಯಾಂಡ್ ಡೇ ಔಟ್’ನಲ್ಲಿ ಗ್ರಾಮಿಟ್ ಎಂಬ ನಾಯಿಗೆ ಮಾತು ಕೊಡುವ ಯೋಚನೆ ಇತ್ತು. ಕೈ ಹಾಕಲು ಜಾಗವಿಲ್ಲದ ಒಂದು ದೃಶ್ಯದಲ್ಲಿ ಬರೀ ಹುಬ್ಬನ್ನಷ್ಟೇ ಸರಿಸಿ ನೋಡಿದರು. ನಾಯಿ ಹೇಳಬೇಕಾದ್ದೆಲ್ಲ ಹೇಳಿಬಿಟ್ಟಿತು. ಗ್ರಾಮಿಟ್‌ಗೆ ಬಾಯಿಯೇ ಬೇಡವಾಯಿತು. 1993ರ ‘ದಿ ರಾಂಗ್ ಟ್ರೌಸರ್ಸ್’ನಲ್ಲಿ ಬರುವ ಕಳ್ಳ ಪೆಂಗ್ವಿನ್ ಫೆದರ್ಸ್ ಮೆಕ್‌ಗ್ರಾ ಅದಕ್ಕಿಂತಲೂ ಒಂದು ಕೈ ಮೇಲು. ಕರಿಮಣಿಯಂಥ ಎರಡು ಕಣ್ಣು, ಹುಬ್ಬೂ ಇಲ್ಲ. ಸುಮ್ಮನೆ ನಿಲ್ಲುತ್ತಾನೆ, ಅಷ್ಟಕ್ಕೇ ನೋಡುವವರಿಗೆ ಭಯ. ಮರದ ಮುಖದ ರಾವಣನನ್ನು ಪದದ ನಡುವೆ ಒಂದೆರಡು ತಾಳದಷ್ಟು ಹೊತ್ತು ನಿಶ್ಚಲವಾಗಿ ನಿಲ್ಲಿಸುವ ಕಲಾವಿದನಿಗೂ ಈ ಗುಟ್ಟು ಗೊತ್ತು.

ಬೆರಳಚ್ಚಿನ ಬೆಲೆ

ಇಷ್ಟೆಲ್ಲ ಕಂಪ್ಯೂಟರ್ ಬಂದ ಮೇಲೂ ಈ ಹಟ ಏಕೆ ಎನ್ನುವ ಪ್ರಶ್ನೆ ನ್ಯಾಯವಾದದ್ದೇ. 1993ರ ‘ಜುರಾಸಿಕ್ ಪಾರ್ಕ್’ ಬಂದಾಗ ಈ ವಿದ್ಯೆ ಸತ್ತೇಹೋಯಿತು ಎಂದುಕೊಂಡವರೇ ಹೆಚ್ಚು. ಸಾಯಲಿಲ್ಲ. 2022ರ ಗಿಯೆರ್ಮೊ ದೆಲ್ ತೋರೊ ಅವರ ‘ಪಿನೋಕಿಯೊ’ ಮರುವರ್ಷ ಆಸ್ಕರ್ ಗೆದ್ದಿತು. ಅದರ ಗೊಂಬೆಗಳು ಎಡವುತ್ತವೆ, ಮಾಡಹೊರಟ ಕೆಲಸವನ್ನು ಮೊದಲ ಸಲಕ್ಕೆ ಸರಿಯಾಗಿ ಮಾಡದೆ ತಡಕಾಡುತ್ತವೆ. ಅವು ಮನುಷ್ಯರಂತೆ ಕಾಣುವುದೇ ಆ ತಡಕಾಟದಿಂದ. ನೋಡುವವನ ಮನಸ್ಸಿನಲ್ಲಿ ಎರಡು ಸಂಗತಿ ಒಟ್ಟಿಗೇ ಓಡುತ್ತಿರುತ್ತವೆ. ಇದು ಗೊಂಬೆ, ಯಾರೋ ಆಡಿಸುತ್ತಿದ್ದಾರೆ ಎಂಬುದು ಒಂದು. ಇದಕ್ಕೆ ನೋವಾಗುತ್ತಿದೆ ಎಂಬುದು ಇನ್ನೊಂದು. 1933ರ ‘ಕಿಂಗ್ ಕಾಂಗ್’ನಲ್ಲಿ ಆಡಿಸಿದವರ ಬೆರಳು ತಾಗಿ ವಾನರನ ತುಪ್ಪಳ ಫ್ರೇಮಿನಿಂದ ಫ್ರೇಮಿಗೆ ಅಲ್ಲೋಲಕಲ್ಲೋಲವಾಗುತ್ತದೆ. ಅದನ್ನು ನೋಡಿದವರು ಕಾಂಗ್‌ಗೆ ಸಿಟ್ಟು ಬಂದು ಕೂದಲು ನಿಮಿರಿದೆ ಎಂದುಕೊಂಡರಂತೆ. ಗ್ರಾಮಿಟ್‌ನ ಚಿತ್ರಗಳಲ್ಲಿ ಜೇಡಿಯ ಕೆನ್ನೆಯ ಮೇಲೆ ಹೆಬ್ಬೆರಳ ಗುರುತು ಇವತ್ತಿಗೂ ಕಾಣುತ್ತದೆ.

ಭಾರತದಲ್ಲಿ ಈ ಹಾದಿಯಲ್ಲಿ ಹಟ ಹಿಡಿದು ನಡೆದವರಲ್ಲಿ ಸುರೇಶ್ ಎರಿಯಾಟ್ ಮುಖ್ಯರು. ಎರಡು ಸಾವಿರದ ದಶಕದ ಆರಂಭದಲ್ಲಿ ಟಿ.ವಿ. ನೋಡಿದವರಿಗೆ ಅಮರಾನ್ ಬ್ಯಾಟರಿಯ ಜೇಡಿಮಣ್ಣಿನ ಗೊಂ‍ಬೆ ಜಾಹೀರಾತು ನೆನಪಿರಬಹುದು. ಅದರ ಹಿಂದೆ ಇದ್ದವರು ಇವರೇ. ಮುಂಬೈಯಲ್ಲಿ ತಮ್ಮದೇ ಸ್ಟುಡಿಯೊ ಈಕ್ಸಾರಸ್ ಕಟ್ಟಿ, ಜಾಹೀರಾತಿನ ನಡುವೆ ಬಿಡುವು ಮಾಡಿಕೊಂಡು ‘ಟೋಕ್ರಿ’ ಎಂಬ ಕಿರುಚಿತ್ರಕ್ಕೆ ಕೈಹಾಕಿದರು. ಅಪ್ಪನ ಪ್ರೀತಿಯ ಗಡಿಯಾರ ಒಡೆದುಹಾಕಿದ ಪುಟ್ಟ ಹುಡುಗಿ ಬುಟ್ಟಿ ಮಾರಿ ಅದನ್ನು ರಿಪೇರಿ ಮಾಡಿಸಲು ಹೊರಡುವ ಕಥೆ. ಹದಿನೈದು ನಿಮಿಷವೂ ಇಲ್ಲದ ಚಿತ್ರಕ್ಕೆ ಸುಮಾರು ಎಂಟು ವರ್ಷ ಹಿಡಿಯಿತು. 2017ರಲ್ಲಿ ಮುಗಿದು ರಾಷ್ಟ್ರಪ್ರಶಸ್ತಿ ಪಡೆಯಿತು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಬುಟ್ಟಿ ಹಿಡಿದು ನಿಂತ ಆ ಹುಡುಗಿಯ ಹೆಗಲು ಜೋತುಬೀಳುವುದನ್ನು ಒಮ್ಮೆ ನೋಡಿದರೆ ಎಂಟು ವರ್ಷ ಎಲ್ಲಿಗೆ ಹೋಯಿತು ಎಂದು ತಿಳಿಯುತ್ತದೆ.

ಕರ್ನಾಟಕದ ಕಥೆ ವಿಚಿತ್ರ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್‌ಗೆಂದೇ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ನಮ್ಮದು, ಅದು 2012ರ ಮಾತು. ಬೆಂಗಳೂರಿನ ಸ್ಟುಡಿಯೊಗಳಲ್ಲಿ ಜಗತ್ತಿನ ಸಿನಿಮಾಗಳ ಕೆಲಸ ನಡೆಯುತ್ತದೆ. ಅಲ್ಲಿಂದ ಒಂದು ರಾತ್ರಿಯ ಬಸ್ ದೂರದಲ್ಲಿ ಉಪ್ಪಿನಕುದ್ರು, ಇನ್ನೊಂದು ರಾತ್ರಿಯ ಬಸ್ ದೂರದಲ್ಲಿ ಕೊಪ್ಪಳ. ಒಂದು ಕಡೆ ತಂತ್ರ ಇದೆ, ಇನ್ನೊಂದು ಕಡೆ ಗೊಂಬೆಗೆ ನಡಿಗೆ ಕಲಿಸುವ ವಿದ್ಯೆ ಇದೆ, ಎರಡಕ್ಕೂ ಮುಖಪರಿಚಯ ಅಷ್ಟಕ್ಕಷ್ಟೆ. ಅನಿಮೇಷನ್ ಕಲಿಯುವ ಹುಡುಗರಿಗೆ ‘ನಡಿಗೆಯ ಚಕ್ರ’ವನ್ನು ಅಮೆರಿಕದ ಪುಸ್ತಕದಿಂದ ಕಲಿಸುತ್ತಾರೆ. ಅದು ತಪ್ಪಲ್ಲ. ಆದರೆ ಬಣ್ಣದ ವೇಷದ ಒಡ್ಡೋಲಗದ ನಡಿಗೆ ಆ ಪುಸ್ತಕದಲ್ಲಿ ಇರುವುದಿಲ್ಲ. ತೊಗಲುಗೊಂಬೆಯ ಹಾಸ್ಯಗಾರ ಜೋಡಿ ಕಿಳ್ಳೇಕ್ಯಾತ–ಬಂಗಾರಕ್ಕನ ಕುಲುಕಾಟವೂ ಇರುವುದಿಲ್ಲ.

ಗೊಂಬೆಯಾಟದವರನ್ನು ಸನ್ಮಾನಕ್ಕೆ ಕರೆದು ಶಾಲು ಹೊದಿಸುವುದು ನಮಗೆ ರೂಢಿ. ಅವರನ್ನು ಅನಿಮೇಷನ್ ಕಾಲೇಜುಗಳಿಗೆ ಒಂದೊಂದು ಸೆಮಿಸ್ಟರ್ ಅಭಿನಯದ ಮೇಷ್ಟ್ರುಗಳಾಗಿ, ಮೇಷ್ಟ್ರ ಸಂಬಳಕ್ಕೇ ಕರೆಯಬೇಕು. ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ರಾಜ್ಯದ ಈಗಿನ ಅನಿಮೇಷನ್ ನೀತಿಯ ಅವಧಿ 2029ರವರೆಗೆ ಇದೆ, ಅಷ್ಟರೊಳಗೆ ಇದಕ್ಕೆ ಜಾಗ ಮಾಡಬಹುದು.